ಖಾಲಿ ಕುರ್ಚಿಯ ಸಲಹೆ

ಇದು ಆಣೆಗೂ ನಡೆದದ್ದು. ನೀವು ನಂಬದಿದ್ದರೆ ಬೇಜಾರಿಲ್ಲ, ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ನಮ್ಮ ಎಂಬಿಎ ಕಾಲೇಜಿನಲ್ಲಿ ಒಂದು ಪದ್ಧತಿಯಿತ್ತು. ಎರಡನೆಯ ವರ್ಷಕ್ಕೆ ವಿಶೇಷ ವಿಷಯ ಆರಿಸುವ ಮೊದಲು ಪ್ರತಿಯೊಬ್ಬರೂ ಸೆಮಿನಾರ್ ಹಾಲಿನಲ್ಲಿ ಒಬ್ಬರೇ ಕೂತು ಎದುರಿನ ಖಾಲಿ ಕುರ್ಚಿಯನ್ನು ಮಾತಾಡಿಸಬೇಕು. ಅದರಲ್ಲಿ ಕೂತಿರುವುದು ಮುಂದೆ ವಯಸ್ಸಾದ ನೀವೇ ಅಂತ ಲೆಕ್ಕ. "ನಿಮ್ಮನ್ನ ನೀವೇ ಕೇಳ್ಕೊಳ್ಳಿ" ಎನ್ನುತ್ತಿದ್ದರು ನಿರ್ದೇಶಕರು, ಮೂಗಿನಲ್ಲೇ. ಆ ಮೂಗು ನನ್ನ ಮಿಮಿಕ್ರಿಯ ಮೊದಲ ಐಟಂ.

ಗೆಳೆಯ ತಕ್ಕಡಿಗೆ ವಿಷಯ ಆರಿಸಲು ಅಂದೇ ಕೊನೆಯ ದಿನ. ಕಾಫಿಯೋ ಟೀಯೋ ಎಂಬುದನ್ನೇ ಗಂಟೆಗಟ್ಟಲೆ ತೂಗುವವನಿಗೆ ನಾವಿಟ್ಟ ಅಡ್ಡಹೆಸರು ಅದು. ಅವನ ಮನಸ್ಸು ಮಾರ್ಕೆಟಿಂಗ್ ಕಡೆ. ಆದರೆ ಸಾಕಿ ಬೆಳೆಸಿದ ಅಕ್ಕ ಬ್ಯಾಂಕಿನವಳು, ಫೈನಾನ್ಸೇ ಆಗಲಿ ಎಂದಿದ್ದಳು. ಅಕ್ಕನ ಮುಂದೆ ಇವನಿಗೆ ನಾಲಿಗೆಯೇ ಏಳದು. ಫೈನಾನ್ಸ್ ತೆಗೆದುಕೊಂಡಿದ್ದ ನನಗೂ, ಕೂತಲ್ಲೇ ನಿದ್ದೆ ಹೊಡೆಯುವ ನಮ್ಮ ರೂಮ್‌ಮೇಟ್ 'ಗೊರಕೆ'ಗೂ ಅವನು ಅಲ್ಲೇ ಬೇಕಿತ್ತು. ಆ ವಿಷಯದಲ್ಲಿ ನನಗೆ ಹಿಡಿಸಿದ್ದು ಫೈನು, ಉಳಿದದ್ದೆಲ್ಲ ನಾನ್‌ಸೆನ್ಸು. ತಕ್ಕಡಿ ಹೇಳಿಕೊಡದೆ ಪಾಸಾಗುವ ಮಾತೇ ಇಲ್ಲ.

ಉಪಾಯ ಹೂಡಿದೆವು. ಗೊರಕೆ ಖಾಲಿ ಕುರ್ಚಿಯ ಅಡಿಗೆ ಪುಟ್ಟ ಸ್ಪೀಕರ್ ಅಂಟಿಸಬೇಕು. ನಾನು ಹಾಲಿನ ಹಿಂದಿನ ಪ್ರೊಜೆಕ್ಟರ್ ಕೋಣೆಯಲ್ಲಿ ಅಡಗಿ, ತಕ್ಕಡಿಯ ದನಿಗೆ ಮುದಿತನ ಹಚ್ಚಿ, ಮೊಬೈಲಿನಲ್ಲಿ ಪಿಸುಗುಟ್ಟಬೇಕು.

ತಕ್ಕಡಿ ಬಂದು ಕೂತ. "ಏನ್ ತಗೊಳ್ಳಲಿ?" ಎಂದು ಕುರ್ಚಿಯನ್ನು ಕೇಳಿದ.

"ಫೈನಾನ್ಸ್ ತಗೋ" ಎಂದು ಪಿಸುಗುಟ್ಟಿದೆ. ಅದೇ ಮಾತು ಕುರ್ಚಿಯಿಂದ ಗಟ್ಟಿಯಾಗಿ ಬಂತು, ಕೊನೆಗೊಂದು ಒಣಕೆಮ್ಮಿನ ಸಮೇತ. ನಾನು ಕೆಮ್ಮಿರಲಿಲ್ಲ. ಸ್ಪೀಕರಿನ ಗೊರಗೊರ ಇರಬೇಕು ಅಂದುಕೊಂಡೆ.

ತಕ್ಕಡಿ ಕುರ್ಚಿಯತ್ತ ಬಾಗಿದ. "ಅಕ್ಕ ಹೇಗಿದ್ದಾಳೆ?"

ಇದಕ್ಕೆ ನಾನು ತಯಾರಿರಲಿಲ್ಲ. ಸುಮ್ಮನೆ ಮೊಬೈಲ್ ಆಫ್ ಮಾಡಿದೆ.

"ಅಕ್ಕ ಈಗಿಲ್ಲ" ಎಂದಿತು ಕುರ್ಚಿ. "ಇರೋವಾಗ ಬಾಯ್ಬಿಟ್ಟು ಹೇಳ್ಬೇಕಿತ್ತು, ನಂಗೆ ಇದು ಬೇಡ ಅಂತ. ಹೇಳ್ಲಿಲ್ಲ. ನೀನಾದ್ರೂ ಹೇಳೋ." ಮತ್ತೆ ಅದೇ ಕೆಮ್ಮು.

ಕೈಯಲ್ಲಿದ್ದ ಮೊಬೈಲ್ ನೋಡಿದೆ, ಆಫ್ ಆಗಿಯೇ ಇತ್ತು. ತಕ್ಕಡಿ ಕೂತಲ್ಲೇ ಅಕ್ಕನಿಗೆ ಫೋನ್ ಹಚ್ಚಿ, ಒಂದೇ ಉಸಿರಿನಲ್ಲಿ ಹೇಳಿಬಿಟ್ಟ: "ಅಕ್ಕಾ, ನಾನು ಮಾರ್ಕೆಟಿಂಗ್ ತಗೋತೀನಿ."

ಅವಳ ಗಂಟಲು ನನ್ನ ಕೋಣೆಯವರೆಗೂ ಕೇಳಿತು. "ತಗೊಳ್ಳೋ ಅತ್ಲಾಗೆ! ಇಷ್ಟಕ್ಕಾ ಮುಖ ಊದಿಸ್ಕೊಂಡು ಓಡಾಡ್ತಿದ್ದೆ? ಊಟ ಆಯ್ತಾ?"

ಫೋನಿಟ್ಟವನು ನೇರ ನನ್ನ ಕೋಣೆಯ ಬಾಗಿಲು ತಳ್ಳಿದ. "ಬಾರೋ ಈಚೆ, ಕಳ್ಳ! ಮೊದಲ್ನೇ ಮಾತಿಗೇ ನೀನು ಅಂತ ಗೊತ್ತಾಯ್ತು. ಆದ್ರೆ ಅಕ್ಕನ ವಿಷಯ ಹೇಳ್ದೆ ನೋಡು, ಅದಕ್ಕೇ ಫೋನ್ ಹಚ್ಚಿದ್ದು ಕಣೋ."

ಅದು ನಾನಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಗೊರಕೆ ಕಣ್ಣುಜ್ಜುತ್ತ ಒಳಗೆ ಬಂದ. ಕೈಯಲ್ಲಿ ಸ್ಪೀಕರ್, ಇನ್ನೂ ಡಬ್ಬಿಯಲ್ಲೇ ಇತ್ತು.

"ಸಾರಿ ಕಣೋ, ಹಾಗೇ ನಿದ್ದೆ ಹತ್ಬಿಡ್ತು. ಇದನ್ನ ಯಾವ ಕುರ್ಚಿಗೆ ಅಂಟಿಸ್ಲಿ?"

ತಕ್ಕಡಿ ಡಬ್ಬಿ ನೋಡಿದ, ಬಿಳುಚಿದ ನನ್ನ ಮುಖ ನೋಡಿದ. "ಇದೂ ನಾಟಕಾನಾ? ಭಲೇ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ಹೇಗೋ ಹಲ್ಲು ಕಿರಿದೆ.

ಹಾಲಿನೊಳಗೆ, ಖಾಲಿ ಕುರ್ಚಿಯ ಕಡೆಯಿಂದ, ಒಣಕೆಮ್ಮು ಕೇಳಿಸಿತು.

"ಸಾಕು ನಿಲ್ಸ್ರೋ, ಆಗಲ್ಲ!" ಎನ್ನುತ್ತ ತಕ್ಕಡಿ ಎಲ್ಲರಿಗಿಂತ ಜೋರಾಗಿ, ಕಣ್ಣಲ್ಲಿ ನೀರು ಬರುವಂತೆ ನಕ್ಕ.