ಸೋಲ್ ಹಾಡು

ಗೋಡೆಗೆ ನೇತುಹಾಕಿದ್ದ ಸ್ಪೀಕರಿನ ವೈರನ್ನು ಅವಳು ಕಿತ್ತೇಬಿಟ್ಟಳು. ಶೋಕಗೀತೆ ಅರ್ಧಕ್ಕೇ ನಿಂತಿತು. ಚಿತಾಗಾರದ ಹಜಾರದಲ್ಲಿ ಯಾರೋ ಕುರ್ಚಿ ಸರಿಸಿದ ಸದ್ದಷ್ಟೇ ಉಳಿಯಿತು.

“ಅತ್ತಿಗೆ, ಏನಿದು? ಜನ ನೋಡ್ತಿದಾರೆ,” ಎಂದು ಮೈದುನ ಪಿಸುಗುಟ್ಟಿದ.

“ನೋಡ್ಲಿ! ಇನ್ಯಾರೋ ಎಲ್ಲೋ ಅತ್ತಿದ್ದನ್ನ ರೆಕಾರ್ಡ್ ಮಾಡಿ ನನ್ನ ಗಂಡನ ತಲೆ ಮೇಲೆ ಸುರೀತೀರಾ?”

“ಎಲ್ಲರಿಗೂ ಇದನ್ನೇ ಹಾಕೋದಮ್ಮ,” ಎಂದ ಚಿತಾಗಾರದ ನೌಕರ.

“ಅದಕ್ಕೇ ಬೇಡ.”

ಬಸ್ ನಿಲ್ದಾಣದ ಮೇಲಧಿಕಾರಿ ಹೂಗುಚ್ಛ ಹಿಡಿದು ಮುಂದೆ ಬಂದರು. “ಸಮಾಧಾನ ಮಾಡ್ಕೊಳ್ಳಿ. ಎಂಥ ಸಾಧು ಮನುಷ್ಯ! ಒಂದು ದಿನಾನೂ ದನಿ ಎತ್ತಿದೋರಲ್ಲ.”

ಅವಳ ಮೈ ಉರಿದುಹೋಯಿತು. ದನಿ ಎತ್ತಲಿಲ್ಲವಂತೆ! ಮೈಕಿನ ಮುಂದೆ ಕೂತು, ಇಡೀ ನಿಲ್ದಾಣಕ್ಕೆ ಕೇಳುವಂತೆ ಬಸ್ಸುಗಳ ಹೊತ್ತು ಹೇಳುವುದೇ ಅವನ ಕೆಲಸವಾಗಿತ್ತು. ಗಂಟುಮೂಟೆ ಹೊತ್ತು ಏದುಸಿರು ಬಿಡುತ್ತ ಬರುವವರು ಗಾಜಿನಾಚೆ ಕಂಡರೆ, ಬರೆದುಕೊಟ್ಟಿದ್ದರ ಜೊತೆಗೆ ತನ್ನದೂ ಒಂದು ಮಾತು ಸೇರಿಸುತ್ತಿದ್ದ: “ಓಡಬೇಡಿ, ಬಸ್ಸು ನಿಮ್ಮನ್ನ ಬಿಟ್ಟು ಹೋಗಲ್ಲ.” ಅದನ್ನು ಅಧಿಕಪ್ರಸಂಗವೆಂದು ಗದರಿದವರು ಇದೇ ಪುಣ್ಯಾತ್ಮರು. ಆಮೇಲೆ ಯಂತ್ರದ ದನಿಯೊಂದನ್ನು ತಂದು ಕೂರಿಸಿ, ಅವನನ್ನು ಕಳೆದುಹೋದ ಸಾಮಾನುಗಳ ಕೋಣೆಗೆ ದಬ್ಬಿದರು. ವಾರಸುದಾರರಿಲ್ಲದ ಕೊಡೆಗಳ ನಡುವೆ ಕೂತು ಅವನು ಯಾರಿಗೆ ಕೂಗಿ ಹೇಳಬೇಕಿತ್ತು? ಬಾಯಿಗೆ ಬೀಗ ಜಡಿದವರೇ ಈಗ ಮೌನವನ್ನು ಹೊಗಳಲು ಬಂದಿದ್ದಾರೆ.

*

“ಸೋಲ್ ಹಾಡು ಅಂದ್ರೇನ್ರೀ? ಸೋತೋರು ಹಾಡೋದಾ?” ಎಂದು ಹಿಂದೊಮ್ಮೆ ಸಂಗೀತೋತ್ಸವದ ಮೈದಾನದಲ್ಲಿ ಅವಳು ಕೇಳಿದ್ದಳು.

“ಸೋಲ್ ಅಂದ್ರೆ ಆತ್ಮ ಕಣೇ,” ಎಂದು ನಕ್ಕ ಗಂಡ, “ನೀನು ಹೇಳಿದ್ದೂ ತಪ್ಪೇನಲ್ಲ ಬಿಡು,” ಎಂದಿದ್ದ. ಅವತ್ತು ಹಾಡಲಿದ್ದ ಗಾಯಕಿಯೆಂದರೆ ಅವನಿಗೆ ಚಿಕ್ಕಂದಿನಿಂದಲೂ ಪ್ರಾಣ.

ಆಕೆ ಕೋಲೂರಿಕೊಂಡು ವೇದಿಕೆಗೆ ಬಂದಳು, ಹಣ್ಣುಹಣ್ಣು ಮುದುಕಿ. ಆದರೆ ಸ್ಪೀಕರುಗಳಿಂದ ಹೊಮ್ಮಿದ್ದು ಹರೆಯದ ಹುಡುಗಿಯ ದನಿ. ತನ್ನದೇ ಹಳೆಯ ರೆಕಾರ್ಡಿಗೆ ಮುದುಕಿ ಬರೀ ತುಟಿ ಆಡಿಸುತ್ತಿದ್ದಳು. ಜನಕ್ಕೆ ಅದರ ಪರಿವೆಯೇ ಇಲ್ಲ, ಕುಣಿದದ್ದೇ ಕುಣಿದದ್ದು. ಅವನು ಎದ್ದು ನಿಂತ.

“ಅಮ್ಮಾ! ಆ ಯಂತ್ರ ನಿಲ್ಸಿ! ನೀವು ಹಾಡಿ, ನೀವು!”

ಮೈಕಿಲ್ಲದಿದ್ದರೂ ಅದು ನಿಲ್ದಾಣ ತುಂಬುತ್ತಿದ್ದ ಗಂಟಲು. ಮೈದಾನವೆಲ್ಲ ತಿರುಗಿ ನೋಡಿತು. “ಕೂತ್ಕೊಳ್ಳೋ ತಾತ!” ಎಂದು ಯಾರೋ ಅರಚಿದರು. ಕಾವಲಿನವರು ಬಂದು ರಟ್ಟೆ ಹಿಡಿದರು. ಅವಳಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಅವನ ಅಂಗಿ ಹಿಡಿದು ಜಗ್ಗಿದಳು. ಅಷ್ಟರಲ್ಲಿ ವೇದಿಕೆಯ ಮೇಲೆ ಮುದುಕಿ ಕೈಯೆತ್ತಿದಳು. ಹಾಡು ನಿಂತಿತು.

ಆಮೇಲೆ ಆಕೆಯೇ ಹಾಡಿದಳು. ದನಿ ಒಡೆದಿತ್ತು. ಮೇಲಿನ ಸ್ವರ ಸಿಗದೆ ಅಲ್ಲಿ ಬರೀ ಉಸಿರು ಬಂತು. ಕಾವಲಿನವರ ಹಿಡಿತದಲ್ಲೇ ನಿಂತು ಅವನು ಬಿಕ್ಕಿ ಬಿಕ್ಕಿ ಅತ್ತ.

“ಮಾನ ಕಳೆದ್ರಿ,” ಎಂದು ದಾರಿಯುದ್ದಕ್ಕೂ ಅವಳು ಗೊಣಗಿದಳು.

“ಹಾಡಿದ್ರಲ್ಲ ಕಣೇ,” ಎಂದಷ್ಟೇ ಹೇಳಿದ ಅವನು.

*

“ದನಿ ಎತ್ತಿದ್ರು ಸ್ವಾಮಿ,” ಎಂದಳು ಅವಳು ಅಧಿಕಾರಿಗೆ. “ನೀವು ಕೇಳಿಸ್ಕೊಳ್ಳಲಿಲ್ಲ.”

“ಬೇಗ ಬೇಗ,” ಎಂದು ನೌಕರ ಅವಸರಿಸಿದ. “ಹೊರಗೆ ಇನ್ನೊಂದು ಪೆಟ್ಟಿಗೆ ಕಾಯ್ತಿದೆ.”

ಹೊರುವವರು ಗಂಡನ ಶವಪೆಟ್ಟಿಗೆಗೆ ಹೆಗಲು ಕೊಟ್ಟು ಒಳಬಾಗಿಲ ಕಡೆ ದಡದಡ ನಡೆದರು. ಇದ್ದಾಗ ತಳ್ಳಿದ್ದು ಸಾಲದೇ, ಸತ್ತ ಮೇಲೂ ತಳ್ಳಬೇಕೇ? ಅವಳಿಗೆ ಹಾಡಲು ಬರುತ್ತಿರಲಿಲ್ಲ. ಆದರೂ ಇದ್ದಷ್ಟು ಶಕ್ತಿಯನ್ನೆಲ್ಲ ಒಟ್ಟುಮಾಡಿ ಕೂಗಿದಳು:

“ಓಡಬೇಡಿ! ಬಸ್ಸು ನಿಮ್ಮನ್ನ ಬಿಟ್ಟು ಹೋಗಲ್ಲ!”

ದನಿ ನಡುವೆಯೇ ಒಡೆಯಿತು. ಹೊರುವವರ ಹೆಜ್ಜೆ ನಿಧಾನವಾಯಿತು. ಅಧಿಕಾರಿ ಬೆಚ್ಚಿಬಿದ್ದು, ಕತ್ತೆತ್ತಿ ಗೋಡೆಯ ಸ್ಪೀಕರಿನ ಕಡೆ ನೋಡಿದರು. ಅದರ ವೈರು ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು.