ದಮ್ಮಾಮಿನಿಂದ ಎಷ್ಟು ತಾಸು

ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು. ಚಂದ್ರಾಮಪ್ಪ ಸತ್ತು ಒಂದು ರಾತ್ರಿ ಕಳೆದಿತ್ತು. ಇನ್ನೊಂದು ರಾತ್ರಿ ಹೆಣ ಇಡುವ ರೂಢಿ ಆ ಓಣಿಯಲ್ಲಿಲ್ಲ. ಮಗಳು ಬಾಲಮ್ಮ ಅರಬರ ದೇಶದ ದಮ್ಮಾಮಿನ ಆಸ್ಪತ್ರೆಯಲ್ಲಿ ನರ್ಸು. ಅಪ್ಪನ ಮಾರಿ ಕಡೀಸಲ ನೋಡಬೇಕು, ಕಾಯಿರಿ ಎಂದಷ್ಟೇ ಹೇಳಿ, ಟಿಕೆಟ್ಟಿನ ಫೋಟೊವನ್ನು ತಮ್ಮ ಅಂಬ್ರಪ್ಪನಿಗೆ ಕಳಿಸಿ ವಿಮಾನ ಹತ್ತಿದ್ದಳು.

ಎಂಟನೇ ತರಗತಿಗೆ ಶಾಲೆ ಬಿಟ್ಟು ಭೀಮರಾಯನಗುಡಿಯಲ್ಲಿ ಟಂಟಂ ಆಟೊ ಓಡಿಸುತ್ತಿದ್ದ ಅಂಬ್ರಪ್ಪ ಎಲ್ಲರೆದುರು ಬಾಯಿಬಿಟ್ಟು ಲೆಕ್ಕ ಹಾಕಿದ. ನಸುಕಿನ ನಾಲ್ಕೂವರೆಗೆ ಬಿಡುತ್ತದೆ, ಹೈದರಾಬಾದಿಗೆ ಹನ್ನೊಂದು ಇಪ್ಪತ್ತಕ್ಕೆ. ದಮ್ಮಾಮಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಹಿಂದೆ, ಅದನ್ನು ಕೂಡಿಸಿದ. ಮೇಲೆ ಕಾರಿನ ದಾರಿ.

"ಸಂಜಿ ಏಳೂವರಿ ಆಗ್ತದ" ಎಂದ.

"ಮೂರು ಸಾವಿರ ಕಿಲೋಮೀಟರ್ ಹಾರಿ ಬರಾಕಿ ಏಳೂವರಿಗೆ ಬರ್ತಾಳ. ನಮ್ಮ ಹುಣಸಗಿ ಬಸ್ಸು ಅಷ್ಟೊತ್ತಿಗಿ ಸುರಪುರನೂ ದಾಟಿರಂಗಿಲ್ಲ" ಎಂದ ಸುಲ್ತಾನಸಾಬ. ಸತ್ತವನ ಜೊತೆ ಮೂವತ್ತು ವರ್ಷ ಕಾಲುವೆಯ ಗೇಟು ಕಾಯ್ದವನು. ಯಾರೂ ನಗಲಿಲ್ಲ.

ಅಂಬ್ರಪ್ಪನಿಗೆ ಶಾಲೆಯಲ್ಲಿ ಲೆಕ್ಕ ಕಲಿಸಿದ್ದ ಖಂಡಪ್ಪ ಮಾಸ್ತರರು ಮಾತ್ರ ಹುಬ್ಬು ಗಂಟಿಕ್ಕಿದರು. "ನಾಕೂ ಕಾಲು ತಾಸಿನ ಹಾದಿ ಅಂತಿದ್ದಳಲ್ಲೋ ಬಾಲಮ್ಮ. ನಿನ್ನ ಲೆಕ್ಕದಾಗ ಏಳು ತಾಸು ಹೆಂಗಾತು? ಟಿಕೆಟ್ ತೋರ್ಸು ಇಲ್ಲಿ."

"ಲೆಕ್ಕ ಬರಂಗಿಲ್ಲಂತ ಹೊಡದು ಸಾಲಿ ಬಿಡ್ಸಿದವರು ನೀವ. ಇವತ್ತೂ ಹೊಡೀತೀರೇನ್ರಿ? ನಮ್ಮಪ್ಪ ಸತ್ತಾನ, ನಿಮ್ಮಪ್ಪಲ್ಲ."

ಮಾಸ್ತರರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಹಿರಿಯರು ಕಾಯುವುದು ಬೇಡ, ನಾಲ್ಕಕ್ಕೆ ಹೆಣ ಎತ್ತುವುದೆಂದು ನಿಶ್ಚಯಿಸಿದರು. ಮೂರರ ಹೊತ್ತಿಗೆ ಗುರುತಿಲ್ಲದ ನಂಬರಿನಿಂದ ಮೂರು ಸಲ ಫೋನು ಬಂತು. ಟಂಟಂ ಬಾಡಿಗೆಗೆ ಕೇಳುವವರಿರಬೇಕೆಂದು ಅಂಬ್ರಪ್ಪ ಮೂರು ಸಲವೂ ಕಟ್ ಮಾಡಿದ.

ಐದಕ್ಕೆ, ಕಾಲುವೆ ದಂಡೆಯ ಹೊಲದಲ್ಲಿ ಜನ ಕೈ ತೊಳೆಯುತ್ತಿದ್ದಾಗ, ಕಾರು ಬಂದು ನಿಂತಿತು. ಬಾಲಮ್ಮ ಇಳಿದಳು. ಹಸಿಮಣ್ಣಿನ ಗುಡ್ಡೆ ನೋಡಿದಳು.

"ಒಂದ ತಾಸು ತಡ್ಯಾಕ ಆಗಲಿಲ್ಲೇನ್ರಿ ನಿಮಗ? ಗುರುಮಠಕಲ್ಲಿನಿಂದ ಡ್ರೈವರನ ಫೋನಿಲೆ ಮೂರು ಸಲ ಹಚ್ಚೀನಿ. ಏನ್ ಅವಸರ ಇತ್ತು?"

ಆಗ ಅಂಬ್ರಪ್ಪನಿಗೆ ತಿಳಿಯಿತು. ಟಿಕೆಟ್ಟಿನಲ್ಲಿದ್ದ ಹನ್ನೊಂದು ಇಪ್ಪತ್ತು ನಮ್ಮ ಗಡಿಯಾರದ್ದೇ ಆಗಿತ್ತು. ಎರಡೂವರೆ ತಾಸು ಅದರೊಳಗೇ ಇತ್ತು. ಅವನು ಮತ್ತೊಮ್ಮೆ ಕೂಡಿಸಿದ್ದ.

ಖಂಡಪ್ಪ ಮಾಸ್ತರರು ಮುಂದೆ ಬಂದರು. "ತಪ್ಪು ನಂದವ್ವ. ಹಿರ್ಯಾವ ಇದ್ದು ಟಿಕೆಟ್ ನೋಡ್ಲಿಲ್ಲ."

ಅಂಬ್ರಪ್ಪ ಅಷ್ಟಕ್ಕೇ ಬಿಟ್ಟಿದ್ದರೆ ಮುಗಿಯುತ್ತಿತ್ತು. ಮಾಸ್ತರರ ಮೇಲಿನ ಹತ್ತು ವರ್ಷದ ಸಿಟ್ಟೂ ಹಾಗೆಯೇ ಉಳಿಯುತ್ತಿತ್ತು. ಅಂಬ್ರಪ್ಪ ಮಾಸ್ತರರನ್ನು ದಾಟಿ ಅಕ್ಕನ ಮುಂದೆ ನಿಂತ.

"ಅವರದಲ್ಲಕ್ಕ. ತಾಸು ನಾ ತಪ್ಪು ಹೇಳ್ದೆ. ಅವರು ಕೇಳಿದ್ರು, ನಾ ತೋರಸ್ಲಿಲ್ಲ. ನಿನ್ನ ಫೋನೂ ನಾನ ಕಟ್ ಮಾಡ್ದೆ."

ಬಾಲಮ್ಮ ಮಣ್ಣಿನ ಪಕ್ಕ ಕುಕ್ಕರಿಸಿದಳು. ಗುಡ್ಡೆಯ ಮೇಲೆ ಕೈಯಿಟ್ಟು ಕೇಳಿದಳು: "ಮಾರಿ ಹೆಂಗಿತ್ತು?"

ಸುಳ್ಳು ಹೇಳಬಹುದಿತ್ತು, ಮಲಗಿದಂಗ ಇತ್ತು ಅಂತ.

"ಒಂದು ಕಣ್ಣು ಮುಚ್ಚಿರಲಿಲ್ಲ" ಎಂದ ಅಂಬ್ರಪ್ಪ.

"ಮತ್ತ?"

"ನಾನ ಮುಚ್ಚೀನಿ. ಎತ್ತೂ ಹೊತ್ತಾತು, ಇನ್ನ ನೀ ಬರಂಗಿಲ್ಲ ಅಂತ."