ಖಾಲಿ ಸ್ಟೂಲು, ಅರ್ಧ ಕೊಯ್ದ ಎಕ್ಸಲ್ಲು

“ಇದಕ್ಕ ಯಾವ್ ಬ್ಲೇಡ್ ಹಾಕ್ಲಿ?”

ಕೇಳಿಬಿಟ್ಟ ಮೇಲೆ ಹೊಳಬಸಪ್ಪನಿಗೆ ಅಂಗಡಿಯಲ್ಲಿ ತಾನೊಬ್ಬನೇ ಇರುವುದು ನೆನಪಾಯಿತು. ಮಷೀನಿನ ಬಾಯಲ್ಲಿ ಲಾರಿಯ ಹಳೆಯ ಎಕ್ಸಲ್ಲು, ಎರಡು ಕೈಯಲ್ಲಿ ಎರಡು ಬ್ಲೇಡು, ಎದುರಿಗೆ ಖಾಲಿ ಸ್ಟೂಲು. ಸ್ಟೂಲಿನ ಮೇಲಿನ ಗೋಣಿತಟ್ಟು ನಾಲ್ಕು ಮಡಿಕೆಯಾಗಿ ಇಟ್ಟಲ್ಲೇ ಇತ್ತು. ಅದನ್ನು ಮಡಚಿಟ್ಟು ಹೋದವನು ಶಾಬುದ್ದೀನ. ಹೋಗಿ ನಾಲ್ಕು ವರ್ಷವಾಗಿತ್ತು. ಹೊಳಬಸಪ್ಪನ ಬಾಯಿಗೆ ಮಾತ್ರ ಕೇಳುವ ರೂಢಿ ಇನ್ನೂ ತಪ್ಪಿರಲಿಲ್ಲ.

ಬಾಗಲಕೋಟೆಯ ಸ್ಟೇಷನ್ ರಸ್ತೆಯ ಆ ವರ್ಕ್‌ಶಾಪಿಗೆ ಜನ ಬರುತ್ತಿದ್ದುದೇ ಹಾಕ್ಸಾ ಮಷೀನಿಗಾಗಿ. ಮೋಟರು ತಿರುಗಿದರೆ ಚೌಕಟ್ಟು ಹಿಂದಕ್ಕೂ ಮುಂದಕ್ಕೂ ಆಡುತ್ತಿತ್ತು, ಅದಕ್ಕೆ ಬಿಗಿದ ಬ್ಲೇಡು ಒಂದೇ ಸಮನೆ ಕಬ್ಬಿಣ ಕೊಯ್ಯುತ್ತಿತ್ತು. ಮಷೀನು ಹೊಳಬಸಪ್ಪನದು. ಯಾವುದಕ್ಕೆ ಯಾವ ಬ್ಲೇಡು ಎಂಬ ತೀರ್ಮಾನ ಶಾಬುದ್ದೀನನದು. ದಪ್ಪ ಸಲಾಕೆಗೆ ದೊಡ್ಡ ಹಲ್ಲಿನದು, ತೆಳು ಪೈಪಿಗೆ ಒತ್ತಾದ ಸಣ್ಣ ಹಲ್ಲಿನದು ಎಂಬುದು ಹೊಳಬಸಪ್ಪನಿಗೂ ಗೊತ್ತಿತ್ತು. ಕೊಯ್ಯುವ ದಪ್ಪದ ಮೇಲೆ ಯಾವಾಗಲೂ ಮೂರು ಹಲ್ಲಾದರೂ ಕೂತಿರಬೇಕು, ಇಲ್ಲವಾದರೆ ಹಲ್ಲು ಸಿಕ್ಕಿ ಕಿತ್ತು ಬರುತ್ತದೆ. ಬೀಡು ಕಬ್ಬಿಣವನ್ನು ಒಣಗಿದ್ದಂತೆಯೇ ಕೊಯ್ಯಬೇಕು. ಉಕ್ಕಾದರೆ ಎಣ್ಣೆ ಬೆರೆಸಿದ ಬಿಳಿ ನೀರು ಬಿಡುತ್ತಲೇ ಇರಬೇಕು. ಅಲ್ಯುಮಿನಿಯಂ ಆದರೆ ಹಲ್ಲಿನ ಸಂದಿಯಲ್ಲಿ ಮೆತ್ತಿಕೊಳ್ಳುತ್ತದೆ. ಅದಕ್ಕೆ ಸಂದಿ ಅಗಲವಾಗಿರುವ ಬ್ಲೇಡು ಹಾಕಿ, ಮೇಲಿಷ್ಟು ಚಿಮಣಿ ಎಣ್ಣೆ ಸವರಬೇಕು.

ಇಷ್ಟನ್ನು ಯಾರಾದರೂ ಕಲಿತಾರು. ಶಾಬುದ್ದೀನ ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿ, ಕೊಯ್ತದ ಸಪ್ಪಳವನ್ನೇ ಕೇಳುತ್ತಿದ್ದ. ಇದ್ದಕ್ಕಿದ್ದಂತೆ ಕೈ ಎತ್ತುತ್ತಿದ್ದ. “ಸಾಕ್ ಮಾಡ್ ಅಣ್ಣಾ, ಹಲ್ಲು ಸವದಾವ.” ಮಷೀನು ನಿಲ್ಲಿಸಿ ಬೆರಳಾಡಿಸಿದರೆ ಹಲ್ಲು ಸವೆದಿರುತ್ತಿದ್ದವು.

ಅಂಗಡಿಯ ಹಿಂದೆಯೇ ಮನೆ. ಸಂಜೆಗೆ ಹೊಳಬಸಪ್ಪನ ಹೆಂಡತಿ ಗುರುಸಿದ್ದವ್ವ ಲಿಂಗಪೂಜೆ ಮುಗಿಸಿ ವಚನ ಹೇಳಿಕೊಳ್ಳುತ್ತಿದ್ದಳು. ತಂದೆಯ ಬಾಯಿಂದ ಅವಳ ಬಾಯಿಗೆ ಬಂದವು, ಪುಸ್ತಕ ನೋಡಿ ಕಲಿತವಲ್ಲ. ಆ ಹೊತ್ತಿಗೆ ಶಾಬುದ್ದೀನ ತಾನಾಗಿ ಮೋಟರು ಬಂದ್ ಮಾಡಿ, ನಮಾಜಿಗೆ ಹೋಗುವ ಮೊದಲು ಬಾಗಿಲಿಗೆ ಆತು ನಿಲ್ಲುತ್ತಿದ್ದ.

“ವೈನಿ, ಇವತ್ತ ಒಂದು ಸಾಲು ನುಂಗಿದ್ರಿ.”

“ನೀ ಯಾವ ಮಠದಾಗ ಕಲ್ತ್ ಬಂದೀಯೋ, ನನಗ ಹೇಳಾಕ?”

“ಸಾಲು ಯಾವ್ದು ನಂಗೊತ್ತಿಲ್ರಿ. ನಿಮ್ಮ ಉಸಿರು ಎಡವಿತು, ಅದಕ್ಕ ಅಂದೆ.”

ಗುರುಸಿದ್ದವ್ವ ಬೈಯುತ್ತಲೇ ಮೊದಲಿನಿಂದ ಹೇಳಿ ನೋಡುತ್ತಿದ್ದಳು. ನಡುವೆ ಒಂದು ಸಾಲು ಬಿಟ್ಟುಹೋಗಿರುತ್ತಿತ್ತು.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಶಾಬುದ್ದೀನನ ಹೆಂಡತಿ ಕಾಸಿಂಬಿಯ ತಂದೆ ಇಳಕಲ್ಲಿನಲ್ಲಿ ಹಾಸಿಗೆ ಹಿಡಿದರು. ನೋಡಿಕೊಳ್ಳಲೆಂದು ಗಂಡ ಹೆಂಡತಿ ಹೋದರು. ಶಾಬುದ್ದೀನ ಗೋಣಿತಟ್ಟು ಮಡಚಿಟ್ಟು, “ಬರ್ತೇನಿ ಅಣ್ಣಾ” ಎಂದ. ಮುದುಕರು ತೀರಿಕೊಂಡರು. ಆಮೇಲೂ ಇವರು ಬರಲಿಲ್ಲ. ಊರ ಹೊರಗಿನ ಕಲ್ಲು ಕೊಯ್ಯುವ ಕಾರ್ಖಾನೆಯಲ್ಲಿ ಶಾಬುದ್ದೀನ ಕೆಲಸಕ್ಕೆ ನಿಂತನೆಂದು ಬಸ್ಸಿನ ಡ್ರೈವರ್ ಬಂದು ಹೇಳಿದ. ಅಣ್ಣ ತಮ್ಮಂದಿರಂತಿದ್ದವರ ನಡುವೆ ಜಗಳವಿರಲಿಲ್ಲ, ಮುನಿಸಿರಲಿಲ್ಲ. ಆದರೆ ಹೊಳಬಸಪ್ಪ ಒಮ್ಮೆಯೂ ಕರೆ ಕಳಿಸಲಿಲ್ಲ. ಒಂದು ಮಾತು ಕರೆದರೆ ಸಾಕು, ಎದ್ದು ಬಂದುಬಿಡುತ್ತಾನೆ ಎಂಬ ನಂಬಿಕೆ ಅವನ ಎದೆಯಲ್ಲಿ ಬೆಚ್ಚಗಿತ್ತು. ಅದನ್ನು ಹೊರಗೆ ತೆಗೆದು ನೋಡಲು ಧೈರ್ಯವಾಗಿರಲಿಲ್ಲ. ಕೆಲಸಕ್ಕೆ ಬೇರೆಯವರು ಬಂದರು, ಹೋದರು. ಸ್ಟೂಲಿನ ಮೇಲೆ ಮಾತ್ರ ಯಾರನ್ನೂ ಕೂಡಗೊಡಲಿಲ್ಲ.

ಎಕ್ಸಲ್ಲು ಗುಡೂರಿನ ಅಂದಾನಪ್ಪನದು. ಕಬ್ಬಿನ ಗಾಣಕ್ಕೆ ಅದರ ತುಂಡು ಬೇಕಾಗಿತ್ತು. ಹೊಳಬಸಪ್ಪ ಕೊನೆಗೆ ದೊಡ್ಡ ಹಲ್ಲಿನ ಬ್ಲೇಡನ್ನೇ ಬಿಗಿದು ಮೋಟರು ಹಾಕಿದ. ಅರ್ಧದವರೆಗೆ ಚೆನ್ನಾಗಿ ಇಳಿಯಿತು. ನಡುವೆ ಎಲ್ಲೋ ಸಪ್ಪಳ ಬದಲಾಗಿರಬೇಕು, ಅವನಿಗೆ ತಿಳಿಯಲಿಲ್ಲ. ಹೊಗೆ ಎದ್ದ ಮೇಲೆಯೇ ತಿಳಿದದ್ದು. ಸವೆದ ಬ್ಲೇಡು ಬಿಚ್ಚಿ, ಹೊಸದನ್ನು ಬಿಗಿದು, ಅದೇ ಸೀಳಿನಲ್ಲಿ ಇಳಿಸಿದ. ಎರಡು ಸಲ ಆಡಿ ಬ್ಲೇಡು ಸಿಕ್ಕಿಕೊಂಡಿತು, ಮೂರನೆಯದಕ್ಕೆ ಟಕ್ಕೆಂದು ಮುರಿಯಿತು.

ಹೊಸ ಬ್ಲೇಡಿನ ಹಲ್ಲು ಎಡಕ್ಕೊಂದು ಬಲಕ್ಕೊಂದು ಬಾಗಿ ನಿಂತಿರುತ್ತವೆ, ಅದಕ್ಕೆ ಅಗಲ ದಾರಿ ಬೇಕು. ಸವೆದದ್ದು ಕೊಯ್ದ ಸೀಳು ಇಕ್ಕಟ್ಟು. ಬ್ಲೇಡು ಬದಲಾಯಿಸಿದರೆ ಕಬ್ಬಿಣವನ್ನು ಹೊರಳಿಸಿ ಇನ್ನೊಂದು ಮಗ್ಗುಲಿನಿಂದ ಹೊಸದಾಗಿ ಶುರು ಮಾಡಬೇಕು. ಆಗೆಲ್ಲ ಶಾಬುದ್ದೀನ ಎದ್ದು ಬಂದು, ಮಾತಿಲ್ಲದೆ ಹೊರಳಿಸಿಟ್ಟು ಹೋಗುತ್ತಿದ್ದ. ಹೊಳಬಸಪ್ಪನ ಕೈಗೆ ಆ ಕೆಲಸ ಎಂದೂ ಬಂದಿರಲಿಲ್ಲ.

ಗುರುಸಿದ್ದವ್ವ ಹಿಟ್ಟಿನ ಕೈಯಲ್ಲೇ ಬಂದು ಇಣುಕಿದಳು. “ಮತ್ತ ಮುರೀತೇನ್ರಿ?”

“ಕಬ್ಬಿಣ ಸರಿ ಇಲ್ಲ.”

“ನಮ್ಮ ಅಂಗಡ್ಯಾಗ ನಾಕ್ ವರ್ಷದಿಂದ ಒಂದರ ಕಬ್ಬಿಣ ಸರಿ ಬಂದೈತೇನು?”

ಹೊಳಬಸಪ್ಪ ಮುರಿದ ತುಂಡನ್ನು ಹೆಕ್ಕಿಕೊಂಡ.

“ಹೋಗಿ ಕರಕೊಂಡ್ ಬರ್ರಿ,” ಎಂದಳು, ಈ ಸಲ ಮೆಲ್ಲಗೆ. “ಕರೀಲಾರದ ಯಾರ ಬರ್ತಾರ? ಮತ್ತ ಹೇಳ್ರಿ ಅವಂಗ, ವೈನಿ ಸಾಲು ನುಂಗಿದ್ರ ಹೇಳಾವ್ರಿಲ್ಲ ಅಂತ.”

ಮರುದಿನ ಮುಂಜಾನೆ ಅವನು ಆ ಅರ್ಧ ಕೊಯ್ದ ಎಕ್ಸಲ್ಲನ್ನು ಸ್ಟೂಲಿನ ಮೇಲಿನ ಗೋಣಿತಟ್ಟಿನಲ್ಲಿ ಸುತ್ತಿ, ಹೆಗಲಿಗೇರಿಸಿ, ಇಳಕಲ್ಲಿನ ಬಸ್ಸು ಹತ್ತಿದ. ಬರಿಗೈಯಲ್ಲಿ ಹೋಗಿ ‘ಬಾ’ ಎನ್ನುವುದಕ್ಕಿಂತ, ಕೆಲಸದ ನೆವ ಒಂದಿರಲಿ ಎನಿಸಿತ್ತು.

“ಏನ್ರಿ ಯಜಮಾನ್ರ ಇದು, ಇಷ್ಟ್ ವಜ್ಜಿ?” ಎಂದ ಕಂಡಕ್ಟರ್.

“ಎಕ್ಸಲ್ ಐತಿ.”

“ಬಸ್ಸಿನ ಎಕ್ಸಲ್ ಬಸ್ಸಿನ ಕೆಳಗಽ ಐತ್ರಿ. ನೀವ್ ಮನೀಂದ ತರೂದೇನ್ ಬೇಕಿತ್ತು?”

ಬಸ್ಸೆಲ್ಲ ನಕ್ಕಿತು. ಹೊಳಬಸಪ್ಪನೂ ನಕ್ಕ. ಅಮೀನಗಡದಲ್ಲಿ ಇಳಿದು ಕರದಂಟಿನ ಪೊಟ್ಟಣ ಕಟ್ಟಿಸಿಕೊಂಡ. ಹುನಗುಂದ ದಾಟಿದ ಮೇಲೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೇಳಿ ನೋಡಿದ. ‘ಶಾಬು, ನಡಿ ಹೋಗೂನು.’ ಅಷ್ಟೇ ಸಾಕು. ಅದನ್ನೇ ಬಸ್ಸಿನ ಕುಲುಕಾಟಕ್ಕೆ ಸರಿಯಾಗಿ ಮತ್ತೆ ಮತ್ತೆ ಹೇಳಿಕೊಂಡ.

ಕಾರ್ಖಾನೆಯ ಸಪ್ಪಳ ದೂರದಿಂದಲೇ ಎದೆಗೆ ಬಡಿಯುತ್ತಿತ್ತು. ಅಂಗಳದ ತುಂಬ ಕೆಂಪು ಕಲ್ಲಿನ ಬಂಡೆಗಳು. ತಗಡಿನ ಛಾವಣಿಯ ಕೆಳಗೆ, ಬೆನ್ನು ಹಾಕಿ ನಿಂತವನು ಶಾಬುದ್ದೀನನೇ. ಹೆಗಲು ಬಾಗಿದ ರೀತಿಯಿಂದಲೇ ಗುರುತು ಸಿಕ್ಕಿತು.

“ಶಾಬ್ಯಾ! ಲೇ ಶಾಬ್ಯಾ!”

ಅವನು ತಿರುಗಲಿಲ್ಲ. ಹೊಳಬಸಪ್ಪ ಇನ್ನೂ ಹತ್ತಿರ ಹೋಗಿ ಕೂಗಿದ. ತಿರುಗಲಿಲ್ಲ. ಮುನಿಸೇ ಇರಬೇಕು ಎಂದುಕೊಂಡು ಅಲ್ಲೇ ನಿಂತ.

ಗೇಟು ಕಾಯುವ ಸಂಗಯ್ಯ ಹಿಂದೆಯೇ ಬಂದ. “ಒದರಬ್ಯಾಡ್ರಿ, ಅವಂಗ ಕೇಳಾಂಗಿಲ್ಲ. ಮುಂದ ಹೋಗಿ ನಿಂದರ್ರಿ.”

“ಈ ಮಷೀನ್ ಸಪ್ಪಳದಾಗ ಹೆಂಗ್ ಕೇಳೀತು ಬಿಡ್ರಿ.”

“ಮಷೀನ್ ಬಂದ್ ಇದ್ರೂ ಅಷ್ಟಽ ರಿ. ಎರಡು ವರ್ಷಾತು, ಕಿವಿ ಹೋಗ್ಯಾವ.”

ಹೊಳಬಸಪ್ಪ ಬಂಡೆಯನ್ನು ಬಳಸಿ ಹೋಗಿ ಎದುರಿಗೆ ನಿಂತ. ಶಾಬುದ್ದೀನನ ಗಡ್ಡ ಬೆಳ್ಳಗಾಗಿತ್ತು. ಒಂದು ಗಳಿಗೆ ನೋಡಿ, ಆಮೇಲೆ ಕಲ್ಲಿನ ಕೆಸರಿನ ಕೈಯಿಂದಲೇ ಅಪ್ಪಿಕೊಂಡ. ಅವನ ಕಣ್ಣು ಹೊಳಬಸಪ್ಪನ ತುಟಿಯ ಮೇಲೆಯೇ ನೆಟ್ಟಿತ್ತು. “ಮೆಲ್ಲಕ ಮಾತಾಡ್ ಅಣ್ಣಾ, ತಿಳೀತೈತಿ,” ಎಂದ. ಬಸ್ಸಿನಲ್ಲಿ ಹೇಳಿಕೊಂಡು ಬಂದ ಮಾತು ಬಿಟ್ಟು, ಹೊಳಬಸಪ್ಪ ಹೆಗಲ ಮೇಲಿನ ಎಕ್ಸಲ್ಲನ್ನು ಕೆಳಗಿಳಿಸಿದ.

ಶಾಬುದ್ದೀನ ಕೈ ಹಿಡಿದು ಮಷೀನಿನ ಹತ್ತಿರ ಕರೆದೊಯ್ದ. ಮನೆಯಷ್ಟು ದೊಡ್ಡ ಚೌಕಟ್ಟು, ಅದಕ್ಕೆ ಸಾಲಾಗಿ ಬಿಗಿದ ಉದ್ದ ಪಟ್ಟಿಗಳು, ಕೆಳಗೆ ಬಂಡೆ. ಹಿಂದಕ್ಕೂ ಮುಂದಕ್ಕೂ ಅದೇ ಆಟ. ಹೊಳಬಸಪ್ಪ ಬಗ್ಗಿ ನೋಡಿದ.

“ಹಲ್ಲಽ ಇಲ್ಲಲ್ಲೋ ಇವಕ್ಕ!”

“ಕಲ್ಲಿಗೆ ಹಲ್ಲು ನಡಿಯಾಂಗಿಲ್ಲ. ಪಟ್ಟಿ ಸುಮ್ಮ ಆಡತೈತಿ. ಸಂದ್ಯಾಗ ಉಕ್ಕಿನ ಕಾಳು, ಸುಣ್ಣದ ನೀರು ಬಿಡ್ತೇವಿ. ಅವು ತಿನ್ನತಾವ. ದಿನಕ್ಕ ಒಂದು ಗೇಣು ಇಳದ್ರ ಭಾಳಾತು.” ಬಂಡೆಯ ಮಗ್ಗುಲಿಗೆ ಅಂಗೈ ಒತ್ತಿ ಹಿಡಿದ. “ಈಗ ಹಿಂಗ ಕೇಳ್ತೇನಿ. ಕಾಳು ಕಡಿಮ್ಯಾದ್ರ ಕಲ್ಲು ನಡುಗೂದು ಬ್ಯಾರೆ ಆಗತೈತಿ.”

ಹೊಳಬಸಪ್ಪನೂ ಅಂಗೈ ಇಟ್ಟ. ತಣ್ಣಗೆ ಒಂದು ನಡುಕ ಮೊಣಕೈವರೆಗೆ ಏರಿತು. ಅದರಲ್ಲಿ ಏನಿದೆಯೆಂದು ಅವನಿಗೆ ತಿಳಿಯಲಿಲ್ಲ.

ಮಧ್ಯಾಹ್ನ ಕಾಸಿಂಬಿ ಬುತ್ತಿ ತಂದಳು. ಮೂವರೂ ಬೇವಿನ ಮರದ ಕೆಳಗೆ ಕೂತರು. ಮುಂದೆ ಕರದಂಟಿನ ಪೊಟ್ಟಣ ಬಿಚ್ಚಿಟ್ಟಿತ್ತು. ಹೊಳಬಸಪ್ಪ ಗೋಣಿತಟ್ಟು ಸರಿಸಿ ಎಕ್ಸಲ್ಲು ತೋರಿಸಿದ. ಶಾಬುದ್ದೀನ ಸೀಳಿನಲ್ಲಿ ಉಗುರು ಆಡಿಸಿ ನಕ್ಕ.

“ಹಳೇ ಸೀಳಿನ್ಯಾಗ ಹೊಸಾ ಬ್ಲೇಡ್ ತುರುಕೀದಿ.”

“ಹೂಂ.”

ಶಾಬುದ್ದೀನ ತುಂಡನ್ನು ಹೊರಳಿಸಿಟ್ಟ. “ಈ ಮಗ್ಗಲದಿಂದ ಸುರು ಮಾಡು. ನಡಕ ಹೋಗಿ ತಾನಽ ಕೂಡತೈತಿ.”

“ಗೊತ್ತೈತಿ.”

“ಗೊತ್ತಿದ್ದು ಇದನ್ನ ಇಲ್ಲೀತನಕ ಹೊತ್ತಕೊಂಡ್ ಬಂದಿ?”

ಹೊಳಬಸಪ್ಪ ರೊಟ್ಟಿಯ ಚೂರು ಮುರಿದುಕೊಂಡ. ಕಾಸಿಂಬಿ ಅವನತ್ತ ನೋಡಿ, ಗಂಡನತ್ತ ನೋಡಿ, ತಲೆ ತಗ್ಗಿಸಿದಳು.

“ನಿಮ್ಮ ವೈನಿ ಹೇಳಿ ಕಳಿಸ್ಯಾಳ,” ಎಂದ ಹೊಳಬಸಪ್ಪ, ತುಟಿ ಕಾಣುವಂತೆ ಮುಖ ಎತ್ತಿ. “ಸಾಲು ನುಂಗಿದ್ರ ಹೇಳಾವ್ರಿಲ್ಲ ಅಂತ.”

ಶಾಬುದ್ದೀನ ಜೋರಾಗಿ ನಕ್ಕ. ನಗು ನಿಂತ ಮೇಲೆ ಬಂಡೆಗಳ ಕಡೆ ತಿರುಗಿದ. “ಸಂಜಿ ಆತಂದ್ರ ನನ್ನ ಕಿವ್ಯಾಗ ಈಗೂ ಹೇಳ್ತಾರ ವೈನಿ. ಒಂದ ಸಾಲೂ ನುಂಗಾಂಗಿಲ್ಲ,” ಎಂದ.

ಹೊಳಬಸಪ್ಪ ಅವನ ಮೊಣಕಾಲು ಹಿಡಿದ. ನಾಲ್ಕು ವರ್ಷ ಒಳಗೆ ಇಟ್ಟುಕೊಂಡದ್ದು ಒಮ್ಮೆಲೇ ಹೊರಗೆ ಬಂತು. “ನಡಿ, ಹೋಗೂನು. ಕಿವಿ ಇಲ್ಲದಿದ್ರ ಇಲ್ಲ. ನಂಗ ಕಿವಿ ಬ್ಯಾಡ. ನೀ ಬಂದು ಸ್ಟೂಲಿನ ಮ್ಯಾಲ ಕುಂದ್ರು. ಯಾವ್ ಬ್ಲೇಡ್ ಹಾಕ್ಲಿ ಅಂತ ನಾ ಕೇಳ್ತೇನಿ, ನೀ ಏನರ ಒಂದು ಅನ್ನು. ತಪ್ಪಾದ್ರ ಆಗ್ಲಿ, ಮುರದ್ರ ಮುರೀಲಿ. ಕೇಳಿದ್ರ ಒಂದು ಮಾತು ತಿರುಗಿ ಬರಬೇಕು ನೋಡು, ಅಷ್ಟ.”

ಕಾಸಿಂಬಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

ಶಾಬುದ್ದೀನ ಎಲ್ಲವನ್ನೂ ಕಡೆಯವರೆಗೆ ಓದಿಕೊಂಡ, ತುಟಿಗಳು ನಿಂತ ಮೇಲೂ ಅಲ್ಲಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಗೋಣಿತಟ್ಟನ್ನು ಝಾಡಿಸಿ, ಅಂಚಿಗೆ ಅಂಚು ಕೂಡಿಸಿ, ನಾಲ್ಕು ಮಡಿಕೆ ಮಾಡಿ ಹೊಳಬಸಪ್ಪನ ತೊಡೆಯ ಮೇಲಿಟ್ಟ.

“ಅಲ್ಲಿ ನನ್ನ ಕಿವಿ ಇದ್ದುವು ಅಣ್ಣಾ. ಅಲ್ಲಿ ಬಂದು ಕುಂತ್ರ, ಅವು ಇಲ್ಲ ಅಂತ ದಿನಾ ತಿಳೀತೈತಿ ನಂಗ. ಇಲ್ಲಿ ಯಾರೂ ಅವನ್ನ ಕಂಡಿಲ್ಲ.”

“ಒಂದ ತಿಂಗಳ ಮಟ್ಟಿಗರ ಬಾರಪಾ. ಒಂದ ವಾರ.”

“ಇಲ್ಲಣ್ಣಾ. ನಾ ಬರಾಂಗಿಲ್ಲ.”